ಎಸೆದ ಕಸಕ್ಕೂ ಒಂದು ವಿಳಾಸವಿದೆ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಮಾವೇಶಗಳಲ್ಲಿ ನಾವು ಶಿಕ್ಷಣದ ಕುರಿತು ಮಾತನಾಡುತ್ತೇವೆ, ವರದಕ್ಷಿಣೆಯ ಕುರಿತು ಮಾತನಾಡುತ್ತೇವೆ, ರಾಜಕೀಯ ಪ್ರಾತಿನಿಧ್ಯದ ಕುರಿತು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಇಂದು ಸಂಘಟಕರು ನನಗೆ ವಹಿಸಿರುವ ವಿಷಯ ಕಸ. ಆಮಂತ್ರಣ ಪತ್ರಿಕೆಯಲ್ಲಿ ಇದನ್ನು ಓದಿದ ಗೆಳೆಯರೊಬ್ಬರು, “ಮಾಸ್ತರರೇ, ನಿಮಗೆ ಬೇರೆ ವಿಷಯವೇ ಸಿಗಲಿಲ್ಲವೇ?” ಎಂದು ನಕ್ಕರು. ಆ ನಗುವಿನಲ್ಲಿ ನಮ್ಮೆಲ್ಲರ ಮನೋಭಾವವಿದೆ. ಕಸವೆಂದರೆ ಹಿತ್ತಿಲ ಬಾಗಿಲಿನ ವಿಷಯ, ಮನೆಯ ಹೆಂಗಸರ ವಿಷಯ, ಪೌರಕಾರ್ಮಿಕರ ವಿಷಯ ಎಂದು ನಾವು ಎಂದೋ ತೀರ್ಮಾನಿಸಿಬಿಟ್ಟಿದ್ದೇವೆ. ಕೆಲವು ವರ್ಷಗಳ ಹಿಂದಿನವರೆಗೆ ನಾನೂ ಹಾಗೆಯೇ ಭಾವಿಸಿದ್ದೆ. ಆದ್ದರಿಂದ ಉಪದೇಶಕ್ಕಿಂತ ಮುಂಚೆ ನನ್ನದೇ ತಪ್ಪೊಂದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ನನ್ನ ಮಗನ ವಲೀಮಾ ಔತಣವನ್ನು ನಾವು ಸ್ವಲ್ಪ ಅದ್ದೂರಿಯಾಗಿಯೇ ಮಾಡಿದೆವು. ಜನರು ಏನೆಂದಾರು ಎಂಬ ಭಯ. ಊಟ ಕಡಿಮೆಯಾದರೆ ಮರ್ಯಾದೆ ಹೋಗುತ್ತದೆ ಎಂಬ ಭಯ. ಬರುವವರ ಲೆಕ್ಕಕ್ಕಿಂತ ಹೆಚ್ಚೇ ಅಕ್ಕಿ ಅಳೆಸಿದೆ. ಮಳೆಯ ಕಾರಣದಿಂದ ಅನೇಕರು ಬರಲಿಲ್ಲ. ರಾತ್ರಿ ಸಭಾಂಗಣ ಖಾಲಿಯಾದಾಗ ಉಳಿದ ಬಿರಿಯಾನಿ, ಎಂಜಲು, ಎಲುಬು, ಥರ್ಮಾಕೋಲ್ ತಟ್ಟೆ, ಅರ್ಧ ಕುಡಿದಿಟ್ಟ ನೀರಿನ ಬಾಟಲಿ, ರಟ್ಟಿನ ಪೆಟ್ಟಿಗೆ ಎಲ್ಲವನ್ನೂ ಒಟ್ಟಿಗೆ ದೊಡ್ಡ ಚೀಲಗಳಿಗೆ ತುಂಬಿಸಿ ಹಿಂಬದಿಯ ಗೋಡೆಗೆ ಒರಗಿಸಿಟ್ಟೆವು. ಬೆಳಿಗ್ಗೆ ಲೆಕ್ಕ ತೀರಿಸಲು ನಾನು ಹೋದಾಗ ನಮ್ಮ ಬೀದಿಯ ಗುಜರಿಯ ಹುಡುಗ ಅಲ್ಲಿ ನಿಂತಿದ್ದ. ಒಂದು ಚೀಲದ ಬಾಯಿ ಬಿಚ್ಚಿ ನೋಡಿ, ಮತ್ತೆ ಕಟ್ಟಿಟ್ಟ. ನನ್ನತ್ತ ತಿರುಗಿ, “ಸಾಹೇಬರೇ, ಬಾಟಲಿ ಬೇರೆ, ರಟ್ಟು ಬೇರೆ ಇಟ್ಟಿದ್ದರೆ ನಾನೇ ದುಡ್ಡು ಕೊಟ್ಟು ಒಯ್ಯುತ್ತಿದ್ದೆ. ಈಗ ಇದು ಯಾರಿಗೂ ಬೇಡ” ಎಂದ.

“ಈಗ ಇದು ಯಾರಿಗೂ ಬೇಡ.” ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಹುಡುಗ ಒಂದೇ ವಾಕ್ಯದಲ್ಲಿ ಪಾಠ ಹೇಳಿದ್ದ. ಹಿಂದಿನ ಸಂಜೆಯವರೆಗೆ ಆ ಚೀಲದೊಳಗೆ ಕಸವೆಂಬುದೇ ಇರಲಿಲ್ಲ. ಅನ್ನವಿತ್ತು, ಅದು ಹಸಿದವರಿಗೆ ಸಲ್ಲುತ್ತಿತ್ತು. ಎಂಜಲಿತ್ತು, ಅದು ತೆಂಗಿನ ಬುಡಕ್ಕೆ ಸಲ್ಲುತ್ತಿತ್ತು. ರಟ್ಟು ಮತ್ತು ಬಾಟಲಿ ಗುಜರಿಗೆ ಸಲ್ಲುತ್ತಿದ್ದವು. ಇವುಗಳನ್ನು ಒಂದೇ ಚೀಲಕ್ಕೆ ಸುರಿದ ಕ್ಷಣದಲ್ಲಿ ಕಸ ಹುಟ್ಟಿತು. ಅದನ್ನು ಹುಟ್ಟಿಸಿದ ಕೈ ನನ್ನದು. ಇಂದು ನಾನು ಹೇಳಬೇಕೆಂದಿರುವ ಮಾತಿನ ಸಾರಾಂಶವೂ ಇಷ್ಟೇ.

ದೂರ ಎಸೆದದ್ದು ಎಲ್ಲಿಗೆ ಹೋಗುತ್ತದೆ?

ಕಸವನ್ನು ಎಸೆಯುತ್ತೇವೆ ಎನ್ನುತ್ತೇವೆ. ಎಲ್ಲಿಗೆ ಎಸೆಯುತ್ತೇವೆ? ನಮ್ಮ ಕಣ್ಣಿಗೆ ಕಾಣದ ಕಡೆಗೆ. ಆದರೆ ನಮ್ಮ ಕಣ್ಣಿಗೆ ಕಾಣದ ಆ ಸ್ಥಳ ಇನ್ನೊಬ್ಬರ ಮನೆಯ ಅಂಗಳವಾಗಿರುತ್ತದೆ.

ಮಂಗಳೂರಿನ ಪಚ್ಚನಾಡಿಯ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ನಗರದ ಕಸವನ್ನು ವರ್ಷಗಟ್ಟಲೆ ಅಲ್ಲಿ ರಾಶಿ ಹಾಕಲಾಯಿತು. 2019ರ ಆಗಸ್ಟ್‌ನಲ್ಲಿ ಸುರಿದ ಭಾರೀ ಮಳೆಗೆ ಆ ರಾಶಿ ಕುಸಿಯಿತು. ಕೆಳಗಿನ ಮಂದಾರ ಪ್ರದೇಶದತ್ತ ಕಸ ನದಿಯಂತೆ ಹರಿಯಿತು. ತಲೆಮಾರುಗಳ ಶ್ರಮದಿಂದ ಬೆಳೆದ ಅಡಿಕೆ ಮತ್ತು ತೆಂಗಿನ ತೋಟಗಳು ಹೂತುಹೋದವು, ಮನೆಗಳು ಕಸದ ಪಾಲಾದವು, ಬಾವಿಗಳು ಕೆಟ್ಟವು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳು ಮನೆಮಠ ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಆ ಕುಟುಂಬಗಳು ಮಾಡಿದ ತಪ್ಪೇನು? ಇಳಿಜಾರಿನ ಕೆಳಭಾಗದಲ್ಲಿ ವಾಸಿಸುತ್ತಿದ್ದುದಷ್ಟೇ ಅವರ ತಪ್ಪು. ಅವರ ತೋಟವನ್ನು ನುಂಗಿದ ರಾಶಿಯಲ್ಲಿ ನಗರದ ಎಲ್ಲ ಧರ್ಮದವರ, ಎಲ್ಲ ಜಾತಿಯವರ ಮನೆಯ ಕಸವಿತ್ತು. ಈ ಒಂದು ವಿಷಯದಲ್ಲಿ ಮಾತ್ರ ನಮ್ಮೊಳಗೆ ಸಂಪೂರ್ಣ ಸೌಹಾರ್ದವಿದೆ!

ರಾಜಧಾನಿಯ ಕಥೆ ಬೇರೆಯಲ್ಲ. ಬೆಂಗಳೂರಿನ ಕಸವನ್ನು ಹೊತ್ತ ಮಾವಳ್ಳಿಪುರದ ಜನರು ಅಂತರ್ಜಲ ಕೆಟ್ಟಿತೆಂದು ಹೋರಾಡಿದರು. 2012ರಲ್ಲಿ ಅಲ್ಲಿ ಕಸ ಹಾಕುವುದು ನಿಂತಾಗ ನಗರದ ಬೀದಿಬೀದಿಗಳಲ್ಲಿ ಕಸ ಕೊಳೆತು ನಾರಿತು. ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು. ಆ ಗ್ರಾಮಸ್ಥರೂ ಲಾರಿಗಳಿಗೆ ಅಡ್ಡ ನಿಂತರು. 2014ರ ಕೊನೆಯಲ್ಲಿ ಅಲ್ಲಿಗೂ ಕಸ ಸಾಗಿಸುವುದನ್ನು ನಿಲ್ಲಿಸಬೇಕಾಯಿತು. ದೆಹಲಿಯ ಗಾಝಿಪುರದಲ್ಲಿ 2017ರ ಸೆಪ್ಟೆಂಬರ್ 1ರಂದು ಕಸದ ಬೆಟ್ಟ ಕುಸಿದು ಇಬ್ಬರು ಪ್ರಾಣ ಕಳಕೊಂಡರು. ಕೊಚ್ಚಿಯ ಬ್ರಹ್ಮಪುರಂನಲ್ಲಿ 2023ರ ಮಾರ್ಚ್ 2ರಂದು ಹೊತ್ತಿದ ಬೆಂಕಿ ಹತ್ತು ದಿನ ಕಳೆದರೂ ಆರಲಿಲ್ಲ. ಪ್ಲಾಸ್ಟಿಕ್ ಸುಟ್ಟ ಹೊಗೆ ಇಡೀ ನಗರವನ್ನು ಆವರಿಸಿತು, ಶಾಲೆಗಳಿಗೆ ರಜೆ ನೀಡಬೇಕಾಯಿತು.

ಈ ರಾಶಿಗಳು ಏಕೆ ಕುಸಿಯುತ್ತವೆ, ಏಕೆ ಉರಿಯುತ್ತವೆ? ಇದರ ಹಿಂದಿರುವ ವಿಜ್ಞಾನ ಕಷ್ಟದ್ದಲ್ಲ. ಅಡುಗೆಮನೆಯ ಹಸಿಕಸಕ್ಕೆ ಗಾಳಿ ದೊರೆತರೆ ಅದು ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ಅದರ ಮೇಲೆ ಸಾವಿರಾರು ಚೀಲಗಳನ್ನು ಹೇರಿದರೆ ಗಾಳಿಯಿಲ್ಲದೆ ಕೊಳೆಯುತ್ತದೆ. ಆಗ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ಅದು ಸುಲಭವಾಗಿ ಹೊತ್ತಿಕೊಳ್ಳುವ ಅನಿಲ. ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಹಲವು ಪಟ್ಟು ಪ್ರಬಲವಾದುದು. ಕೊಳೆತ ರಾಶಿಯಿಂದ ಒಸರುವ ಕಪ್ಪು ನೀರು ಕೆಳಗಿಳಿದು ಬಾವಿಯನ್ನೂ ಹೊಳೆಯನ್ನೂ ಸೇರುತ್ತದೆ. ಉರಿಯಲು ಬೇಕಾದ ಪ್ಲಾಸ್ಟಿಕ್ ಮತ್ತು ಕಾಗದವನ್ನೂ ನಾವೇ ಅದೇ ಚೀಲದಲ್ಲಿ ಒದಗಿಸಿರುತ್ತೇವೆ. ಅಂದರೆ ಬೆಟ್ಟದ ಮೇಲೆ ಕಾಣುವ ಬೆಂಕಿ ನಮ್ಮ ಅಡುಗೆಮನೆಯ ಒಂದೇ ಡಬ್ಬಿಯಿಂದ ಆರಂಭವಾಗಿರುತ್ತದೆ.

ನೆರೆಯವನಿಗೆ ತೊಂದರೆ ಕೊಡುವವನ ಈಮಾನ್ ಎಂಥದ್ದೆಂದು ನಾವು ಖುತ್ಬಾಗಳಲ್ಲಿ ಕೇಳುತ್ತಲೇ ಇರುತ್ತೇವೆ. ದಾರಿಯಲ್ಲಿರುವ ತೊಡಕನ್ನು ಸರಿಸುವುದು ಈಮಾನಿನ ಭಾಗವೆಂದು ನಮ್ಮ ಮಕ್ಕಳೂ ಮದ್ರಸದಲ್ಲಿ ಕಲಿತಿದ್ದಾರೆ. ನೆರೆಯವನೆಂದರೆ ಪಕ್ಕದ ಗೋಡೆಯವನು ಮಾತ್ರವೇ? ನಮ್ಮ ಕಸ ಲಾರಿಯೇರಿ ಹತ್ತು ಮೈಲು ಸಾಗಿ ಯಾರ ಅಂಗಳಕ್ಕೆ ಇಳಿಯುತ್ತದೆಯೋ ಅವನೂ ನಮ್ಮ ನೆರೆಯವನೇ. ಮಂದಾರದ ತೋಟಗಾರನ ಮೇಲೆ ನಮಗೊಂದು ಋಣವಿದೆ.

ಅರ್ಧ ಭಾರ ಅಡುಗೆಮನೆಯದು

ನಮ್ಮ ಪಟ್ಟಣಗಳ ಮನೆಗಳಿಂದ ಹೊರಬೀಳುವ ಕಸದ ಸುಮಾರು ಅರ್ಧಭಾಗ ಹಸಿಕಸ. ತರಕಾರಿ ಸಿಪ್ಪೆ, ಚಹಾಪುಡಿ, ಮೊಟ್ಟೆಯ ಓಡು, ಮೀನಿನ ತ್ಯಾಜ್ಯ, ಉಳಿದ ಅನ್ನ. ಈ ಅರ್ಧ ಮನೆಯಿಂದ ಹೊರಗೆ ಹೋಗದಂತೆ ನೋಡಿಕೊಂಡರೆ ಉಳಿದರ್ಧ ತಾನಾಗಿಯೇ ಸ್ವಚ್ಛವಾಗಿ ಉಳಿಯುತ್ತದೆ.

ಮೊದಲನೆಯದಾಗಿ, ಅನ್ನವು ಕಸವಾಗದಿರಲಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಗಿದೆ. ಅದರಲ್ಲಿ ಶೇ. 60ರಷ್ಟು ವ್ಯರ್ಥವಾದದ್ದು ಮನೆಗಳಲ್ಲಿ. ಹೊಟೇಲುಗಳನ್ನು ದೂರುವ ಮುನ್ನ ನಮ್ಮ ಫ್ರಿಜ್ಜಿನ ಬಾಗಿಲು ತೆರೆದು ನೋಡೋಣ. ಹಿಂದಿನ ಕೆಳಭಾಗದಲ್ಲಿ ಬಾಡಿದ ಸೊಪ್ಪು, ಮರೆತ ಸಾರಿನ ಪಾತ್ರೆ ಇರುವುದಿಲ್ಲವೇ? ದುಂದುವೆಚ್ಚ ಮಾಡುವವರ ಕುರಿತು ಪವಿತ್ರ ಕುರ್‌ಆನ್ ಎಷ್ಟು ಕಠಿಣವಾಗಿ ಎಚ್ಚರಿಸಿದೆಯೆಂದು ನಮಗೆ ಗೊತ್ತು. ಆದರೆ ದುಂದುವೆಚ್ಚವೆಂದರೆ ಶ್ರೀಮಂತರ ಕಾರು, ಬಂಗಲೆ ಎಂದಷ್ಟೇ ನಾವು ಅರ್ಥ ಮಾಡಿಕೊಂಡಿದ್ದೇವೆ. ತಟ್ಟೆಯಲ್ಲಿ ಬಿಟ್ಟ ನಾಲ್ಕು ತುತ್ತಿಗೂ ಅದೇ ಹೆಸರಿದೆ.

ಎರಡನೆಯದಾಗಿ, ಸಿಪ್ಪೆ ಮತ್ತು ಎಂಜಲು ಗೊಬ್ಬರವಾಗಲಿ. ಇದಕ್ಕೆ ತೋಟ ಬೇಕಿಲ್ಲ. ಫ್ಲ್ಯಾಟಿನ ಬಾಲ್ಕನಿಯಲ್ಲಿಯೂ ಸಾಧ್ಯ. ಎರಡು ಮಣ್ಣಿನ ಕುಂಡಗಳು ಅಥವಾ ಮುಚ್ಚಳವಿರುವ ಹಳೆಯ ಬಕೆಟ್‌ಗಳು ಸಾಕು. ಬುಡಕ್ಕೂ ಬದಿಗೂ ತೂತು ಕೊರೆಯಿರಿ. ಕೆಳಗೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿಯನ್ನು ಹಾಸಿರಿ. ದಿನದ ಹಸಿಕಸವನ್ನು ಸಣ್ಣದಾಗಿ ತುಂಡರಿಸಿ ಹಾಕಿ, ಅಷ್ಟೇ ಪ್ರಮಾಣದ ಒಣ ಎಲೆಯಿಂದ ಮುಚ್ಚಿರಿ. ಆರಂಭದಲ್ಲಿ ಒಂದು ಹಿಡಿ ಹಳೆಯ ಗೊಬ್ಬರವನ್ನೋ ಸ್ವಲ್ಪ ಹುಳಿ ಮಜ್ಜಿಗೆಯನ್ನೋ ಸೇರಿಸಿದರೆ ಕೆಲಸ ಬೇಗ ಆರಂಭವಾಗುತ್ತದೆ. ಎರಡು ಮೂರು ದಿನಗಳಿಗೊಮ್ಮೆ ಕೋಲಿನಿಂದ ಕೆದಕಿರಿ. ಒಂದು ಕುಂಡ ತುಂಬಿದ ಮೇಲೆ ಅದನ್ನು ಮುಚ್ಚಿಟ್ಟು ಎರಡನೆಯದನ್ನು ಆರಂಭಿಸಿರಿ. ಸುಮಾರು ಎರಡು ತಿಂಗಳಲ್ಲಿ ಮೊದಲ ಕುಂಡದಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧವಾಗಿರುತ್ತದೆ.

“ವಾಸನೆ ಬರುವುದಿಲ್ಲವೇ?” ಎಂಬುದು ಎಲ್ಲರ ಪ್ರಶ್ನೆ. ವಾಸನೆ ಬಂದರೆ ತೇವ ಹೆಚ್ಚಾಗಿದೆ, ಗಾಳಿ ಸಾಲದು ಎಂದರ್ಥ. ಒಣ ಎಲೆ ಹೆಚ್ಚು ಹಾಕಿ ಕೆದಕಿದರೆ ಅದು ಸರಿಯಾಗುತ್ತದೆ. ದೊಡ್ಡ ಎಲುಬುಗಳು ಕುಂಡದಲ್ಲಿ ಬೇಗ ಕರಗಲಾರವು. ಮೀನು ಮತ್ತು ಮಾಂಸದ ತ್ಯಾಜ್ಯವನ್ನು ಅಂಗಳವಿರುವವರು ತೆಂಗಿನ ಬುಡದಲ್ಲಿ ಆಳವಾಗಿ ಹೂಳುವುದೇ ಒಳ್ಳೆಯದು. ಅಂಗಳವಿಲ್ಲದವರು ಅದನ್ನು ಹಸಿಕಸದ ಗಾಡಿಗೆ ಪ್ರತ್ಯೇಕವಾಗಿ ಕೊಡಲಿ. ನಮ್ಮ ಅಜ್ಜಿಯಂದಿರು ಮೀನು ತೊಳೆದ ನೀರನ್ನು ಎಂದೂ ಚರಂಡಿಗೆ ಚೆಲ್ಲಿದವರಲ್ಲ. ಅದು ಬಾಳೆಯ ಬುಡಕ್ಕೋ ತೆಂಗಿನ ಬುಡಕ್ಕೋ ಹೋಗುತ್ತಿತ್ತು. ಅವರಿಗೆ ಪರಿಸರ ಎಂಬ ಪದ ತಿಳಿದಿರಲಿಲ್ಲ, ವಸ್ತುವಿನ ಬೆಲೆ ತಿಳಿದಿತ್ತು.

ಗುಜರಿಯವನ ಕೈ

ಇನ್ನು ಒಣಕಸ. ಗುಜರಿ ವ್ಯಾಪಾರ ನಮ್ಮ ಸಮುದಾಯಕ್ಕೆ ಅಪರಿಚಿತವಲ್ಲ. ಬೆಂಗಳೂರಿನ ಜಾಲಿ ಮೊಹಲ್ಲಾದ ಹಳೆಯ ಕಾಗದ ಮತ್ತು ರಟ್ಟಿನ ಮಳಿಗೆಗಳಿಂದ ಹಿಡಿದು ಕರಾವಳಿಯ ಪ್ರತಿಯೊಂದು ಪೇಟೆಯ ಗುಜರಿ ಅಂಗಡಿಯವರೆಗೆ ನಮ್ಮವರು ಅನೇಕರು ಈ ವೃತ್ತಿಯಿಂದ ಮಕ್ಕಳನ್ನು ಓದಿಸಿದ್ದಾರೆ. ವಿಪರ್ಯಾಸವೆಂದರೆ, ಹೆಣ್ಣು ಕೇಳಲು ಹೋದಾಗ ಮಾತ್ರ ಗುಜರಿ ಎಂಬ ಪದವನ್ನು ಮರೆಮಾಚಿ “ಬಿಸಿನೆಸ್” ಎನ್ನುತ್ತೇವೆ. ವಾಸ್ತವದಲ್ಲಿ, ಸರಕಾರಗಳು ಕಸದ ಕಾನೂನು ಬರೆಯುವುದಕ್ಕಿಂತ ಎಷ್ಟೋ ದಶಕಗಳ ಮುಂಚೆಯೇ ಈ ದೇಶದಲ್ಲಿ ಮರುಬಳಕೆಯನ್ನು ನಡೆಸಿಕೊಂಡು ಬಂದವರು ಇವರೇ. ಬೀದಿಯಲ್ಲಿ ಆಯುವ ಹೆಂಗಸು, ಗೋಣಿಚೀಲ ಹೊತ್ತ ಹುಡುಗ, ತಕ್ಕಡಿ ಹಿಡಿದ ಅಂಗಡಿಯವನು, ವಿಂಗಡಿಸುವ ಗೋದಾಮು, ಕೊನೆಗೆ ಕರಗಿಸುವ ಕಾರ್ಖಾನೆ. ಈ ಸರಪಳಿಯ ಮೊದಲ ಕೊಂಡಿ ನಮ್ಮ ಮನೆ.

ಈ ಸರಪಳಿಗೆ ಬೇಕಾಗಿರುವುದು ಒಂದೇ: ವಸ್ತು ಒಣಗಿರಬೇಕು, ಸ್ವಚ್ಛವಾಗಿರಬೇಕು. ಸಾರು ತಾಗಿದ ಕಾಗದ ಮತ್ತೆ ಕಾಗದವಾಗುವುದಿಲ್ಲ. ಅಲ್ಯುಮಿನಿಯಮ್ ಡಬ್ಬವನ್ನು ಕರಗಿಸಿ ಮತ್ತೆ ಬಳಸಿದರೆ, ಅದಿರಿನಿಂದ ಹೊಸದಾಗಿ ತಯಾರಿಸಲು ಬೇಕಾಗುವ ಶಕ್ತಿಯ ಸುಮಾರು ಶೇ. 5ರಷ್ಟು ಸಾಕು. ಅಷ್ಟು ದೊಡ್ಡ ಉಳಿತಾಯವನ್ನು ಒಂದು ಲೋಟ ಹಳಸಿದ ಸಾಂಬಾರು ಹಾಳು ಮಾಡಬೇಕೇ? ಹಾಲಿನ ಪ್ಯಾಕೆಟ್ಟನ್ನು ತೆಗೆದುಕೊಳ್ಳಿ. ನಾವು ಅದರ ಮೂಲೆಯನ್ನು ಕತ್ತರಿಸಿ ತುಂಡನ್ನು ಎಸೆಯುತ್ತೇವೆ. ಉಗುರಿನಷ್ಟಿರುವ ಆ ತುಂಡನ್ನು ಯಾರೂ ಆಯಲಾರರು. ಅದು ಚರಂಡಿ ಸೇರುತ್ತದೆ, ಗೊಬ್ಬರದಲ್ಲಿ ಬೆರೆಯುತ್ತದೆ. ಮೂಲೆಯನ್ನು ಪೂರ್ತಿ ಕತ್ತರಿಸದೆ ಪ್ಯಾಕೆಟ್ಟಿಗೆ ಅಂಟಿಕೊಂಡಿರುವಂತೆ ಬಿಟ್ಟು, ತೊಳೆದು ಒಣಗಿಸಿ ಕಟ್ಟಿಟ್ಟರೆ ಎಲ್ಲವೂ ಗುಜರಿಗೆ ಹೋಗುತ್ತದೆ. ಇದಕ್ಕೆ ಅರ್ಧ ನಿಮಿಷವೂ ಬೇಕಿಲ್ಲ.

ಮೂರನೆಯ ಒಂದು ವಿಭಾಗವಿದೆ. ಮಕ್ಕಳ ಡೈಪರ್, ಸ್ಯಾನಿಟರಿ ಪ್ಯಾಡ್, ಬ್ಲೇಡು, ಒಡೆದ ಗಾಜು, ಇಂಜೆಕ್ಷನ್ ಸೂಜಿ, ಹಳೆಯ ಟ್ಯೂಬ್‌ಲೈಟ್, ಬ್ಯಾಟರಿ. ಟ್ಯೂಬ್‌ಲೈಟಿನಲ್ಲಿ ಪಾದರಸವಿರುತ್ತದೆ. ಬ್ಲೇಡನ್ನು ಹಾಗೆಯೇ ಚೀಲಕ್ಕೆ ಹಾಕಿದರೆ ಅದು ಯಾರದೋ ಬೆರಳನ್ನು ಹುಡುಕಿಕೊಂಡು ಹೋಗುತ್ತದೆ. ಆ ಬೆರಳಿಗೆ ಹೆಚ್ಚಾಗಿ ಕೈಗವಸಿರುವುದಿಲ್ಲ. ಇವುಗಳನ್ನು ಕಾಗದದಲ್ಲಿ ಸುತ್ತಿ, ಮೇಲೊಂದು ಕೆಂಪು ಗುರುತು ಹಾಕಿ ಪ್ರತ್ಯೇಕವಾಗಿ ಕೊಡಬೇಕು. ಬೆಂಗಳೂರಿನ ಕಸದ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2015ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು: ಹಸಿಕಸಕ್ಕೊಂದು ಡಬ್ಬಿ, ಇಂಥ ತ್ಯಾಜ್ಯಕ್ಕೊಂದು ಡಬ್ಬಿ, ಒಣಕಸಕ್ಕೊಂದು ಚೀಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯಲ್ಲಿಯೇ ಮೂರಾಗಿ ವಿಂಗಡಿಸುವುದನ್ನು ಇಡೀ ದೇಶಕ್ಕೆ ಕಡ್ಡಾಯಗೊಳಿಸಿದವು. ದಂಡದ ಭಯಕ್ಕಾಗಿ ಇದನ್ನು ಪಾಲಿಸುವುದು ಒಂದು ದರ್ಜೆ. ಆ ಬೆರಳಿನ ನೆನಪಿನಿಂದ ಪಾಲಿಸುವುದು ಅದಕ್ಕಿಂತ ಮೇಲಿನ ದರ್ಜೆ.

ತೇಪೆಯ ಗೌರವ

ಮರುಬಳಕೆಯೆಂದರೆ ಗುಜರಿಗೆ ಕೊಡುವುದು ಮಾತ್ರವೇ? ಖಂಡಿತ ಅಲ್ಲ. ಕರಗಿಸಿ ಹೊಸದಾಗಿಸುವುದಕ್ಕೂ ಇಂಧನ ಬೇಕು, ನೀರು ಬೇಕು. ಅದಕ್ಕಿಂತ ಉತ್ತಮವಾದುದು ಇರುವ ವಸ್ತುವನ್ನೇ ಇನ್ನಷ್ಟು ಕಾಲ ಬಳಸುವುದು. ಅದಕ್ಕಿಂತಲೂ ಉತ್ತಮವಾದುದು ಬೇಡದ್ದನ್ನು ಕೊಳ್ಳದಿರುವುದು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಸಮುದಾಯದವರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಸಂತತಿ. ಅವರಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಆ ಮನೆಗಳ ಹೆಂಗಸರು ಹಳೆಯ ಸೀರೆ, ಅಂಗಿ, ಲುಂಗಿಗಳ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಸುತ್ತ ಹೊಲಿಯುತ್ತಾ ಹೊಲಿಯುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಚಿ ಮಾಡಿದ ಪುಟ್ಟ ಹೂಗಳನ್ನು ಸೇರಿಸುತ್ತಾರೆ. ಆ ಹೂಗಳಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ಣವಲ್ಲ. ಬಡತನದಲ್ಲಿಯೂ ಆ ತಾಯಂದಿರು ಚಿಂದಿಯನ್ನು ಚಿಂದಿಯಾಗಿ ಬಿಡಲಿಲ್ಲ, ಅದಕ್ಕೆ ಹೂವಿಟ್ಟರು. ಮಗುವಿಗೆ ಬೆಚ್ಚಗಿನ ಹಾಸಿಗೆಯೂ ಆಯಿತು, ನೋಡುವವರಿಗೆ ಕಲೆಯೂ ಆಯಿತು. ಇಂದು ಆ ಕೌದಿಗಳು ವಿದೇಶದ ಪ್ರದರ್ಶನಗಳಲ್ಲಿ ಸ್ಥಾನ ಪಡೆದಿವೆ.

ನಮ್ಮ ಮನೆಗಳಲ್ಲಿ ತೇಪೆ ಅವಮಾನವಾಗಿದೆ. ಪ್ರವಾದಿವರ್ಯರು(ಸ) ತಮ್ಮ ಬಟ್ಟೆಯನ್ನು ತಾವೇ ಹೊಲಿಯುತ್ತಿದ್ದರು, ಪಾದರಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತಿದ್ದರು ಎಂಬುದನ್ನು ಸರಳತೆಯ ಉದಾಹರಣೆಯಾಗಿ ಭಾಷಣಗಳಲ್ಲಿ ಹೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಅದೇ ಸಂಜೆ ಚಪ್ಪಲಿಯ ಪಟ್ಟಿ ಹರಿದರೆ ಹೊಸ ಜೋಡಿ ಕೊಳ್ಳುತ್ತೇವೆ. ಮೂಲೆಯಲ್ಲಿ ಕುಳಿತ ಚಪ್ಪಲಿ ಹೊಲಿಯುವವನಿಗೆ ಹತ್ತಿಪ್ಪತ್ತು ರೂಪಾಯಿ ಸಿಗುತ್ತಿತ್ತು, ಅದೂ ತಪ್ಪುತ್ತದೆ. ಮಿಕ್ಸಿ ರಿಪೇರಿಯವನು, ಕೊಡೆ ರಿಪೇರಿಯವನು, ಹಳೆಯ ಹಾಸಿಗೆಯ ಹತ್ತಿ ಹಿಂಜುವವನು, ಇವರೆಲ್ಲ ನಮ್ಮ ಬೀದಿಗಳಿಂದ ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಹತ್ತಿ ಹಿಂಜುವ ಪಿಂಜಾರ ವೃತ್ತಿಯಂತೂ ನಮ್ಮವರದೇ ಆಗಿತ್ತು. ರಿಪೇರಿಯನ್ನು ತೊರೆದಾಗ ಕಸ ಹೆಚ್ಚುವುದರ ಜೊತೆಗೆ ಒಂದು ಕುಟುಂಬದ ಒಲೆಯೂ ಆರುತ್ತದೆ.

ಮಕ್ಕಳ ಶಾಲಾ ಪುಸ್ತಕ, ಸಮವಸ್ತ್ರ, ಸೈಕಲ್, ತೊಟ್ಟಿಲು ಇವೆಲ್ಲ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಂತೆ ಪ್ರತಿ ಜಮಾಅತ್ತೂ ವರ್ಷಕ್ಕೊಮ್ಮೆ ವ್ಯವಸ್ಥೆ ಮಾಡಬಹುದು. ಆದರೆ ಒಂದು ಎಚ್ಚರ ಬೇಕು. ಹರಿದದ್ದನ್ನು ಬಡವರಿಗೆ ಕೊಟ್ಟು ಪುಣ್ಯದ ಲೆಕ್ಕ ಬರೆದುಕೊಳ್ಳಬಾರದು. ತೊಳೆದು, ಹೊಲಿದು, ಗುಂಡಿ ಹಾಕಿ, ನಾವೇ ಧರಿಸಲು ನಾಚದಂಥದ್ದನ್ನು ಮಾತ್ರ ಕೊಡಬೇಕು.

ಕೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆ

ಎಲ್ಲ ಹೊಣೆಯನ್ನೂ ಗೃಹಿಣಿಯ ಹೆಗಲಿಗೆ ಹಾಕುವುದು ನ್ಯಾಯವಲ್ಲ. ಕೆಲವು ವಸ್ತುಗಳು ಕಾರ್ಖಾನೆಯಲ್ಲಿಯೇ ಕಸವಾಗಿ ಹುಟ್ಟುತ್ತವೆ. ಚಿಪ್ಸ್ ಪ್ಯಾಕೆಟ್ಟಿನ ಒಳಭಾಗ ಬೆಳ್ಳಿಯಂತೆ ಹೊಳೆಯುತ್ತದೆ. ಅಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ತೆಳು ಪದರಗಳು ಅಂಟಿಕೊಂಡಿವೆ. ಅವನ್ನು ಬೇರ್ಪಡಿಸುವುದು ಕಷ್ಟವಾದುದರಿಂದ ಗುಜರಿಯವನು ಅದನ್ನು ಮುಟ್ಟುವುದಿಲ್ಲ. ಶಾಂಪೂವಿನ ಪುಟ್ಟ ಸ್ಯಾಶೆಯೂ ಅಂಥದ್ದೇ. ಬಡವನಿಗೆ ಒಂದು ರೂಪಾಯಿಗೆ ಶಾಂಪೂ ಸಿಕ್ಕಿತು ನಿಜ, ಆದರೆ ಬಡವನ ಮೊಹಲ್ಲಾದ ಚರಂಡಿ ಕಟ್ಟಿಕೊಂಡಿತು. ಲಾಭ ಕಂಪೆನಿಗೆ, ಮಳೆಗಾಲದ ಕೊಳಚೆ ನೀರು ಅವನ ಮನೆಯೊಳಗೆ!

ಕಾನೂನು ಸುಮ್ಮನಿಲ್ಲ. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ಕರ್ನಾಟಕವು 2016ರಲ್ಲಿಯೇ ನಿಷೇಧಿಸಿತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಮುಂತಾದವುಗಳಿಗೆ ನಿಷೇಧ ಬಂತು. ಉತ್ಪಾದಕರು ತಮ್ಮ ಪ್ಯಾಕಿಂಗ್ ತ್ಯಾಜ್ಯವನ್ನು ಮರಳಿ ಸಂಗ್ರಹಿಸುವ ಹೊಣೆ ಹೊರಬೇಕೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು, 2022ರಲ್ಲಿ ಅದಕ್ಕೆ ಗುರಿಗಳನ್ನೂ ನಿಗದಿಪಡಿಸಲಾಯಿತು. ಆದರೂ ಸಂತೆಯಲ್ಲಿ ತೆಳು ಚೀಲ ಕಾಣಸಿಗುತ್ತದೆ. ಪ್ಲಾಸ್ಟಿಕ್ ಲೋಟದ ಜಾಗಕ್ಕೆ ಕಾಗದದ ಲೋಟ ಬಂತು. ಅದರ ಒಳಗೋಡೆಗೂ ಸಾಮಾನ್ಯವಾಗಿ ಪ್ಲಾಸ್ಟಿಕ್‌ನ ತೆಳು ಪದರವಿರುತ್ತದೆ ಎಂಬುದನ್ನು ಎಷ್ಟು ಮಂದಿ ಬಲ್ಲರು? ಒಂದು ಎಸೆಯುವ ವಸ್ತುವಿನ ಬದಲಿಗೆ ಇನ್ನೊಂದು ಎಸೆಯುವ ವಸ್ತು ಪರಿಹಾರವಾಗಲಾರದು. ತೊಳೆದು ಮತ್ತೆ ಬಳಸುವ ಸ್ಟೀಲ್ ಲೋಟವೇ ಪರಿಹಾರ.

ವಿನ್ಯಾಸ ಬದಲಾದರೆ ಕಸ ಹುಟ್ಟುವುದೇ ಇಲ್ಲ ಎಂಬುದಕ್ಕೆ ನಮ್ಮ ಬಾಲ್ಯದ ಗೋಲಿಸೋಡಾ ಸಾಕ್ಷಿ. ಬಾಟಲಿ ಅಂಗಡಿಯವನದು, ಕುಡಿದು ಮರಳಿಸಬೇಕು. ಐರೋಪ್ಯ ಒಕ್ಕೂಟವು 2024ರ ಡಿಸೆಂಬರ್ ಕೊನೆಯಿಂದ ಹೊಸ ಮೊಬೈಲ್ ಫೋನುಗಳೆಲ್ಲಕ್ಕೂ ಒಂದೇ ಬಗೆಯ ಚಾರ್ಜರ್ ಕಿಂಡಿ ಇರಬೇಕೆಂದು ಕಡ್ಡಾಯ ಮಾಡಿತು. ಪ್ರತಿ ಫೋನಿಗೊಂದು ಹೊಸ ಚಾರ್ಜರ್ ಕೊಳ್ಳುವ ಅಗತ್ಯವನ್ನೇ ಅದು ಕಡಿಮೆ ಮಾಡಿತು. ಕೊಳ್ಳುವ ನಮ್ಮ ಕೈಯಲ್ಲಿಯೂ ಇಂಥದೊಂದು ಅಧಿಕಾರವಿದೆ. ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿರಿ: ಇದು ಹಾಳಾದರೆ ರಿಪೇರಿಯಾಗುತ್ತದೆಯೇ? ಖಾಲಿಯಾದರೆ ಮತ್ತೆ ತುಂಬಿಸಬಹುದೇ? ಮುಗಿದ ಮೇಲೆ ಇದನ್ನು ಗುಜರಿಯವನು ಒಯ್ಯುತ್ತಾನೆಯೇ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ ಆ ವಸ್ತುವನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿರಿ.

ನಮ್ಮ ಮೊಹಲ್ಲಾಕ್ಕೆ ಗಾಡಿ ಬರುವುದಿಲ್ಲವಲ್ಲ?

ಈ ಪ್ರಶ್ನೆ ನಿಮ್ಮ ಮನದಲ್ಲಿದೆಯೆಂದು ನನಗೆ ಗೊತ್ತು. ಅದು ನ್ಯಾಯವಾದ ಪ್ರಶ್ನೆ. ಅನೇಕ ಪಟ್ಟಣಗಳಲ್ಲಿ ಬಡಾವಣೆಗಳಿಗೆ ದಿನವೂ ಹೋಗುವ ಗಾಡಿ ಇಕ್ಕಟ್ಟಾದ ಗಲ್ಲಿಗಳಿಗೆ ವಾರಕ್ಕೊಮ್ಮೆಯೂ ಬರುವುದಿಲ್ಲ. ಆಮೇಲೆ ಅದೇ ಗಲ್ಲಿಯನ್ನು ತೋರಿಸಿ, “ಇವರು ಕೊಳಕರು” ಎನ್ನಲಾಗುತ್ತದೆ. ತೆರಿಗೆ ಕಟ್ಟುವವರು ಸೇವೆಯನ್ನು ಹಕ್ಕಾಗಿ ಕೇಳಬೇಕು. ಲಿಖಿತ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ, ವಾರ್ಡಿನ ಸದಸ್ಯರನ್ನು ಮಸೀದಿಯ ಮುಂದೆ ಕರೆಸಿ ಚರಂಡಿ ತೋರಿಸಿರಿ, ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿರಿ. ಚುನಾವಣೆಯಲ್ಲಿ ಮತ ಕೇಳಲು ಬಂದವರಿಗೆ ಗಲ್ಲಿಯ ಕಸದ ಪ್ರಶ್ನೆಯನ್ನು ಹಾಕುವುದೂ ರಾಜಕೀಯವೇ, ಅದು ಕೆಳದರ್ಜೆಯ ರಾಜಕೀಯವಲ್ಲ.

ಆದರೆ ಹಕ್ಕು ಕೇಳುವ ಕೈ ಚರಂಡಿಗೆ ಚೀಲ ಎಸೆದ ಕೈಯಾಗಿರಬಾರದು. ವಿಂಗಡಿಸಿದ ಮೂರು ಡಬ್ಬಿಗಳನ್ನು ಮನೆಯ ಮುಂದೆ ಸಾಲಾಗಿಟ್ಟು, “ನಾವು ನಮ್ಮ ಕೆಲಸ ಮಾಡಿದ್ದೇವೆ, ನಿಮ್ಮ ಗಾಡಿ ಎಲ್ಲಿ?” ಎಂದು ಕೇಳುವ ಮೊಹಲ್ಲಾವನ್ನು ಯಾವ ಅಧಿಕಾರಿಯೂ ಸುಲಭವಾಗಿ ತಳ್ಳಿಹಾಕಲಾರ. ಬೆಂಗಳೂರಿನಲ್ಲಿ ಕಸ ಆಯುವವರು ಸಂಘಟಿತರಾಗಿ ಪಾಲಿಕೆಯಿಂದ ಗುರುತಿನ ಚೀಟಿ ಪಡೆದರು. ‘ಹಸಿರು ದಳ’ದಂಥ ಸಂಘಟನೆಯ ಜೊತೆ ಸೇರಿ ಒಣಕಸ ಸಂಗ್ರಹ ಕೇಂದ್ರಗಳನ್ನು ತಾವೇ ನಡೆಸಿ ತೋರಿಸಿದರು. ಸಮಾಜ ಅತ್ಯಂತ ಕೆಳಗಿಟ್ಟವರು ಇದನ್ನು ಸಾಧಿಸಿರುವಾಗ ಮಸೀದಿ, ಮದ್ರಸ, ಯುವಕರ ಸಂಘಗಳಿರುವ ನಮ್ಮ ಜಮಾಅತ್ತುಗಳಿಗೆ ಏನು ಅಡ್ಡಿ?

ಸಹೋದರರಿಗೆ ಇನ್ನೊಂದು ಮಾತು. ಮೂರು ಡಬ್ಬಿ ತಂದುಕೊಟ್ಟು, “ಇನ್ನು ನೀನು ನೋಡಿಕೋ” ಎಂದು ಹೆಂಡತಿಗೆ ಹೇಳಿದರೆ ಅವಳ ಮೇಲೆ ಇನ್ನೊಂದು ಹೊರೆ ಹಾಕಿದಂತಾಯಿತು. ಗೊಬ್ಬರದ ಕುಂಡ ಕೆದಕುವುದು, ಡಬ್ಬಿ ತೊಳೆಯುವುದು, ಒಣಕಸ ಕಟ್ಟಿಡುವುದು ಗಂಡಸರ ಕೆಲಸವಾಗಲಿ. ನನ್ನ ಮನೆಯಲ್ಲಿ ಈಗ ಅದು ನನ್ನದು. ನಿವೃತ್ತ ಮಾಸ್ತರನಿಗೆ ಒಳ್ಳೆಯ ಉದ್ಯೋಗ!

ಹಬ್ಬ ಮತ್ತು ಔತಣ

ಕೊನೆಯದಾಗಿ, ನಮ್ಮ ಸಾಮೂಹಿಕ ಸಂದರ್ಭಗಳು. ರಮಝಾನಿನ ಇಫ್ತಾರ್ ಕೂಟ ಮುಗಿದ ಮೇಲೆ ಮಸೀದಿಯ ಅಂಗಳವನ್ನು ನೋಡಿರಿ. ದಿನವಿಡೀ ಹಸಿವಿನ ಪಾಠ ಕಲಿತವರು ಹದಿನೈದು ನಿಮಿಷದಲ್ಲಿ ಒಂದು ಗಾಡಿ ಕಸ ಮಾಡಿರುತ್ತೇವೆ. ಮಸೀದಿಗೆ ಒಂದಿಷ್ಟು ಸ್ಟೀಲ್ ತಟ್ಟೆ ಮತ್ತು ಲೋಟಗಳನ್ನು ದಾನ ಮಾಡುವವರು ನಮ್ಮಲ್ಲಿಲ್ಲವೇ? ಔತಣಗಳಲ್ಲಿ ಒಂದು ಹರಿವಾಣದ ಸುತ್ತ ನಾಲ್ಕೈದು ಮಂದಿ ಕುಳಿತು ಉಣ್ಣುವ ಪದ್ಧತಿ ನಮ್ಮಲ್ಲಿತ್ತು. ಅದರಲ್ಲಿ ಪ್ರೀತಿಯೂ ಇತ್ತು, ತಟ್ಟೆಗಳ ಉಳಿತಾಯವೂ ಇತ್ತು. ಬಕ್ರೀದ್‌ನ ದಿನ ಪ್ರಾಣಿಯ ತ್ಯಾಜ್ಯವನ್ನು ಚರಂಡಿಗೋ ಖಾಲಿ ನಿವೇಶನಕ್ಕೋ ಎಸೆದು ನಾವು ಆರಾಧನೆಯೊಂದನ್ನು ನೆರೆಹೊರೆಯವರ ಪಾಲಿಗೆ ದುರ್ವಾಸನೆಯನ್ನಾಗಿ ಮಾಡಬಾರದು. ಹೂಳುವ ಗುಂಡಿ, ಸಾಗಿಸುವ ಗಾಡಿ, ಚರ್ಮ ಸಂಗ್ರಹಿಸುವವರು, ಇವೆಲ್ಲದರ ವ್ಯವಸ್ಥೆ ಹಬ್ಬಕ್ಕೆ ವಾರದ ಮುಂಚೆಯೇ ಆಗಿರಬೇಕು. ಮದುವೆಯ ಊಟಕ್ಕೆ ಅಕ್ಕಿ ಅಳೆಯುವಾಗಲೇ ಉಳಿದ ಊಟವನ್ನು ಅದೇ ರಾತ್ರಿ ಯಾರಿಗೆ ತಲುಪಿಸಬೇಕೆಂಬ ವಿಳಾಸವೂ ಕೈಯಲ್ಲಿರಬೇಕು.

ಕಳೆದ ವರ್ಷ ನನ್ನ ಕಿರಿಯ ಮಗಳ ನಿಕಾಹ್ ನಡೆಯಿತು. ಅತಿಥಿಗಳು ಕಡಿಮೆ, ತಟ್ಟೆಗಳು ಬಾಡಿಗೆಯ ಸ್ಟೀಲಿನವು. ನೀರಿಗೆ ಬಾಟಲಿಗಳ ಬದಲು ಜಗ್ಗುಗಳಿದ್ದವು. ಮಾತು ಕೇಳಬೇಕಾಗಿ ಬಂತು. “ಮಾಸ್ತರರು ಜಿಪುಣರಾದರು” ಎಂದು ಒಬ್ಬರು ನನಗೆ ಕೇಳಿಸುವಂತೆಯೇ ಹೇಳಿದರು. ಉಳಿದ ಊಟ ರಾತ್ರಿಯೇ ಬಸ್ ನಿಲ್ದಾಣದ ಬಳಿಯ ಕೂಲಿಕಾರರ ಬಿಡಾರಕ್ಕೆ ಹೋಯಿತು. ಎಂಜಲು ಒಬ್ಬ ತೋಟಗಾರರ ಗೊಬ್ಬರದ ಗುಂಡಿಗೆ ಹೋಯಿತು. ಬೆಳಿಗ್ಗೆ ಅದೇ ಗುಜರಿಯ ಹುಡುಗ ಬಂದ. ಈಗ ಅವನಿಗೆ ಗಡ್ಡ ಬಂದಿದೆ, ಸ್ವಂತ ತಕ್ಕಡಿಯಿದೆ. ಕಟ್ಟಿಟ್ಟ ರಟ್ಟುಗಳನ್ನು ತೂಗಿ ನನ್ನ ಕೈಗೆ ಎಂಬತ್ತು ರೂಪಾಯಿ ಕೊಟ್ಟ. “ಇಷ್ಟೇನಾ ಸಾಹೇಬರೇ? ಮದುವೆ ಮನೆ ಅಲ್ಲವೇ?” ಎಂದು ಸುತ್ತಲೂ ಚೀಲಗಳಿಗಾಗಿ ಹುಡುಕಿದ. ಚೀಲಗಳಿರಲಿಲ್ಲ.

ಸಹೋದರ ಸಹೋದರಿಯರೇ, ನಾಳೆ ಬೆಳಿಗ್ಗೆ ನೀವು ನಿಮ್ಮ ಮನೆಯ ಕಸದ ಡಬ್ಬಿಯ ಮುಚ್ಚಳ ತೆರೆದಾಗ ಒಂದು ಕ್ಷಣ ನಿಲ್ಲಿರಿ. ಇದರಲ್ಲಿ ಯಾವುದು ಯಾರಿಗೆ ಸಲ್ಲಬೇಕಾಗಿತ್ತು ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ. ಪ್ರತಿಯೊಂದನ್ನೂ ಅದಕ್ಕೆ ಸಲ್ಲುವಲ್ಲಿಗೆ ತಲುಪಿಸಿದರೆ, ಯಾರದೋ ತೋಟದ ಮೇಲೆ ಹೋಗಿ ಬೀಳಲು ನಮ್ಮ ಮನೆಯದೇನೂ ಉಳಿಯುವುದಿಲ್ಲ.